ಚೆಂಡು ಹಿಡಿದವನೇ ನಾಯಕ

ಅಪ್ಪ,

ದಿನಾ ಗಿರಣಿ ಕೆಲಸ ಮುಗಿಸಿ ಬಂದು ವಿಶ್ವವಿದ್ಯಾಲಯಕ್ಕೆಂದು ನೀನು ಕಟ್ಟಿದ ಫುಟ್‌ಬಾಲ್ ತಂಡಕ್ಕೆ ಐವತ್ತು ವರ್ಷ ತುಂಬಿತು. ಇವತ್ತು ನಮ್ಮ ಫಾಲ್ ರಿವರ್ ಊರಿನ ಮೈದಾನದ ಗೋಡೆಗೆ ಪ್ರತಿ ವರ್ಷದ ತಂಡದ ಚಿತ್ರ ತೂಗುಹಾಕಿ, ಅಡಿಯಲ್ಲಿ ಹಿತ್ತಾಳೆಯ ಫಲಕ ಬಡಿದಿದ್ದಾರೆ. ಎಲ್ಲ ತಪ್ಪು, ಅಪ್ಪ! ನಡುವೆ ಚೆಂಡು ಹಿಡಿದು ಕೂತವನನ್ನೇ ನಾಯಕನೆಂದು ಕೆತ್ತಿಸಿದ್ದಾರೆ. ಆ ವರ್ಷ ಎಲ್ಲರಿಗಿಂತ ಕಡಿಮೆ ಆಡಿದವನೇ ಚೆಂಡು ಹಿಡಿಯಬೇಕೆಂಬ ನಿನ್ನ ನಿಯಮ ಈಗಿನವರಿಗೆ ಹೇಗೆ ಗೊತ್ತಾಗಬೇಕು? ಬೆಂಚು ಕಾಯುತ್ತ ಕೂತವರೆಲ್ಲ ನಾಯಕರಾಗಿಬಿಟ್ಟಿದ್ದಾರೆ. ನಾನೂ.

ನಮ್ಮ ವರ್ಷದ ನಿಜವಾದ ನಾಯಕ ಬ್ರೆಂಡನ್ ಕೋಲೂರಿಕೊಂಡು ಬಂದಿದ್ದ.

"ಏನಪ್ಪಾ ಕ್ಯಾಪ್ಟನ್, ಒಂದು ಗೋಲಾದ್ರೂ ಹೊಡೆದಿದ್ಯಾ?"

"ನಾಳೆನೇ ನಿನ್ನ ಹೆಸರು ಹಾಕಿಸ್ತೀನಿ ಕಣೋ."

"ಸುಮ್ನಿರೋ! ಮಾರನೇ ವರ್ಷ ನಿನ್ನ ಹಾಗೇ ಬೆಂಚು ಕಾದ ನಮ್ಮ ಸಿಲ್ವೇರಿಯೊ ತೀರಿಹೋದ, ಅವನ ಹೆಂಡ್ತಿ ಅಲ್ಲಿ ಮೊಮ್ಮಕ್ಕಳಿಗೆ ಅವನ ಫಲಕ ಓದಿಸ್ತಿದಾಳೆ. ಒಂದನ್ನ ಮುಟ್ಟಿದ್ರೂ ಈ ಕೋಲು ನಿನ್ನ ಬೆನ್ನ ಮೇಲೆ."

ನಮ್ಮ ವರ್ಷದ ಚಿತ್ರವನ್ನು ನಾನು ಮನೆಯಲ್ಲಿ ಎಂದೂ ಇಟ್ಟುಕೊಳ್ಳಲಿಲ್ಲ, ನಿನಗೆ ಗೊತ್ತು. ಅದರಲ್ಲಿ ನಾನು ಚೆಂಡು ಹಿಡಿದು ಮುಖ ಊದಿಸಿಕೊಂಡು ಕೂತಿದ್ದೇನೆ. ಹಿಂದೆ ನೀನು ನಿಂತಿದ್ದೀಯ, ಸ್ವಂತ ಮಗನನ್ನೇ ಆಡಿಸದ ಕೋಚು.

ಬ್ರೆಂಡನ್ ಗೋಡೆಯ ಮೇಲಿದ್ದ ಅದೇ ಚಿತ್ರವನ್ನು ಕೋಲೆತ್ತಿ ತೋರಿಸಿದ. "ನಾವೆಲ್ಲ ಕ್ಯಾಮೆರಾ ನೋಡ್ತಿದೀವಿ. ನಿಮ್ಮಪ್ಪ ಎಲ್ಲಿ ನೋಡ್ತಿದಾರೆ, ನೋಡು."

ಕನ್ನಡಕ ಒರೆಸಿಕೊಂಡು, ಹತ್ತಿರ ಹೋಗಿ ನೋಡಿದೆ.

ನೀನು ನನ್ನನ್ನು ನೋಡುತ್ತಿದ್ದೆ.