ಹಲ್ಲಿನ ಗುರುತಿನ ಮುತ್ತು

ನಾರಾಯಣಪೇಟೆ
12-7-2025

ಚಿ. ಸೌ. ಅನ್ನಮ್ಮಳಿಗೆ ಅಕ್ಕ ಶಂಕರಮ್ಮನ ಆಶೀರ್ವಾದ.

ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಅಪ್ಪ ಕಲಿಸಿದಂತೆ ಶುರು ಮಾಡೋಣವೆಂದು ಕೂತೆ. ಆರು ವರ್ಷ ಮಾತು ಬಿಟ್ಟ ತಂಗಿಗೆ ಹಾಗೆ ಬರೆಯಲು ಕೈ ಓಡಲಿಲ್ಲ. ತಡವಾಯಿತು, ಕ್ಷಮಿಸು ಅನ್ನೋಣವೆಂದರೆ ಇದೇನು ಎರಡು ವಾರದ ತಡವೇ? ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಮಾಡಿದ್ದೆ. ಹೋದ ವರ್ಷ ದೀಪಾವಳಿಗೆ ನೀನು ಎತ್ತಿ ‘ಹಲೋ’ ಎಂದೆ, ನನಗೆ ಕೆಮ್ಮು ಬಂತು, ಇಟ್ಟುಬಿಟ್ಟೆ. ಆ ಕೆಮ್ಮು ಯಾರದೆಂದು ನಿನಗೆ ಗೊತ್ತಾಗಿರಲೇಬೇಕು. ಅದಕ್ಕೇ ಈ ಕಾಗದ.

ನಿನ್ನ ಭಾವ ಚೆನ್ನಾಗಿದ್ದಾರೆ. ಬಿ.ಪಿ. ಗುಳಿಗೆ ನುಂಗು ಎಂದರೆ ಮುಖ ತಿರುಗಿಸುತ್ತಾರೆ, ಮಿರ್ಚಿ ಬಜ್ಜಿ ಎಂದರೆ ಎದ್ದು ಕೂರುತ್ತಾರೆ. ನನ್ನ ಕಸುಬು ಅದೇ, ಅಪ್ಪನ ಮುತ್ತಿನದು. ಅಪ್ಪ ಬಗಲಚೀಲದಲ್ಲಿ ಮುತ್ತು ಹಾಕಿಕೊಂಡು ಮಕ್ತಲ್, ಗದ್ವಾಲ್ ಎಂದು ಊರೂರು ತಿರುಗುತ್ತಿದ್ದ. ಈಗ ಸಾದಾ ಮುತ್ತನ್ನು ಯಾರೂ ನನ್ನ ಹತ್ತಿರ ಕೇಳುವುದಿಲ್ಲ, ಅದು ಫೋನಿನಲ್ಲಿ ಒತ್ತಿದರೆ ಮನೆಗೇ ಬರುತ್ತದೆ. ಎಲ್ಲೂ ಸಿಗದ್ದು ಬೇಕಾದವರು ಮಾತ್ರ ಅಕ್ಕಸಾಲಿಗರಿಗೆ ಹೇಳುತ್ತಾರೆ, ಅವರು ನನಗೆ ಹೇಳುತ್ತಾರೆ. ನಾನು ಹೈದರಾಬಾದಿಗೆ ಹೋಗಿ ಪತ್ಥರ್‌ಗಟ್ಟಿಯ ಅಂಗಡಿಗಳಲ್ಲಿ ಕೂತು ರಾಶಿ ಕೆದಕುತ್ತೇನೆ.

ಎಂಥೆಂಥ ಗಿರಾಕಿಗಳು ಬರುತ್ತಾರೆ ಅಂತೀ! ವಡ್ಡೆಪಲ್ಲಿಯಿಂದ ಮೊಗುಲಪ್ಪ ಎಂಬುವವನು ಬೆಂಕಿಪೊಟ್ಟಣ ತಂದ. ತೆರೆದರೆ ಒಳಗೆ ಹತ್ತಿಯಲ್ಲಿ ಒಂದೇ ಒಂದು ಬಿಳಿಜೋಳದ ಕಾಳು. ಹೆಂಡತಿಯ ಮೂಗುಬೊಟ್ಟಿಗೆ ಅಷ್ಟೇ ಗಾತ್ರದ, ಅದೇ ಬಣ್ಣದ, ತುದಿಯಲ್ಲಿ ಅಷ್ಟೇ ಚೂಪಾದ ಮುತ್ತು ಬೇಕಂತೆ. ‘ಅಚ್ಚಂ ಇಟ್ಲೇ ಉಂಡಾಲಿ’ ಎಂದು ತೆಲುಗಿನಲ್ಲಿ ಮೂರು ಸಲ ಹೇಳಿದ. ಥೇಟ್ ಹೀಗೇ ಇರಬೇಕು ಎಂದ ಮೇಲೆ ಹುಡುಕಿದೆ, ಸಿಕ್ಕಿತು. ಆದರೆ ಕಾಳು ಯಾವುದು ಮುತ್ತು ಯಾವುದು ಎಂದು ತಿಳಿಯದೆ ನಾನೇ ಒಂದು ಗಳಿಗೆ ಪೇಚಾಡಿದೆ. ಇಲ್ಲಿನ ಟೀಚರ್ ಝಾನ್ಸಿಯದು ಇನ್ನೊಂದು. ಆಕೆಯ ಒಂದು ಕಿವಿ ತುಸು ಕೆಳಗಿದೆ. ಜುಮುಕಿ ಸರಿಸಮ ಕಾಣಲೆಂದು ಬೇಕಂತಲೇ ಒಂದು ದೊಡ್ಡ, ಒಂದು ಸಣ್ಣ ಮುತ್ತು ಕೇಳಿದಳು. ‘ಕನ್ನಡಿ ಬಿಟ್ಟು ಬ್ಯಾರೆ ಯಾರು ನೋಡ್ತಾರವಾ?’ ಎಂದೆ. ‘ನಾ ನೋಡ್ತೀನಲ್ರಿ’ ಎಂದಳು. ಅದೂ ಖರೆ ಅನ್ನಿಸಿತು.

ಒಂದು ಸುದ್ದಿ ಹೇಳಲು ಮರೆತೆ. ನನ್ನ ಮೇಲಿನ ಮುಂಹಲ್ಲು ಹೋಯಿತು. ಮುತ್ತನ್ನು ಹಲ್ಲಿಗೆ ತಿಕ್ಕಿ ನೋಡುವುದನ್ನು ಅಪ್ಪ ಕಲಿಸಿದ್ದು ನೆನಪಿದೆಯಲ್ಲ, ಖರೆ ಮುತ್ತು ಮರಳಿನ ಹಾಗೆ ಗರಗರ ಅನ್ನುತ್ತದೆ, ಸುಳ್ಳು ಮುತ್ತು ಜಾರುತ್ತದೆ. ಈಗ ಕೆಳಗಿನ ಹಲ್ಲಿಗೆ ತಿಕ್ಕುತ್ತೇನೆ. ಪತ್ಥರ್‌ಗಟ್ಟಿಯ ಅಂಗಡಿಯವರು ಮರೆಯಲ್ಲಿ ನಗುತ್ತಾರೆ, ನಗಲಿ.

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳ ಕೊನೆಗೆ ಗದ್ವಾಲಿನ ಅಕ್ಕಸಾಲಿ ಶೇಖರ್ ಮಕ್ತಲ್ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ನಾವು ಕೊಟ್ಟು ತೆಗೆದುಕೊಳ್ಳುವುದೆಲ್ಲ ಅಲ್ಲೇ, ರಾಯಚೂರು ಬಸ್ಸು ನಿಲ್ಲುವ ಕಡೆಯ ಚಹಾದಂಗಡಿಯಲ್ಲಿ. ಒಂದು ಸಣ್ಣ ಪೊಟ್ಟಣ ಕೈಗಿಟ್ಟು ನಗತೊಡಗಿದ.

‘ಅಕ್ಕಾರ, ಇಂಥಾ ಗಿರಾಕಿ ನಾ ನೋಡೇ ಇಲ್ಲರಿ. ಇದರ ಜೋಡಿ ಬೇಕಂತ. ಜೋಡಿಗೂ ಹಲ್ಲಿನ ಗುರುತು ಇರಬೇಕಂತರಿ, ಇಲ್ಲಂದ್ರ ಬ್ಯಾಡಂತ. ಮುತ್ತು ಯಾರರ ಕಚ್ಚತಾರೇನ್ರಿ?’

‘ಯಾರಪಾ ಕೇಳಿದವರು?’ ಎಂದೆ.

‘ಹೆಸರು ಹೇಳಬ್ಯಾಡ ಅಂದಾರರಿ. ಪಂಚಮಿ ಆದಮ್ಯಾಲ ಮಗಳ ಲಗ್ನ ಐತಂತ, ಅಷ್ಟರಾಗ ಬೇಕಂತ.’

ಪೊಟ್ಟಣ ಬಿಚ್ಚಿದೆ. ಅವ್ವನ ಲೋಲಾಕಿನ ಮುತ್ತು. ಅದರ ಹೊಟ್ಟೆಯ ಮೇಲೆ ಒಂದು ಗೀರು. ನನ್ನ ಹಲ್ಲಿನ ಗೀರು. ಆ ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರು, ಅದನ್ನು ಬಾಯಿಗೆ ಹಚ್ಚಿ ಹಲ್ಲಿಗೆ ಕೂಡಿಸಿ ನೋಡಹೋದೆ. ಅನ್ನೀ, ಅಲ್ಲಿ ಹಲ್ಲೇ ಇರಲಿಲ್ಲ. ಬಸ್ಸಿನ ಧೂಳು ಕಣ್ಣಿಗೆ ಬಿತ್ತು ಎಂದು ಶೇಖರನಿಗೆ ಹೇಳಿ ಅತ್ತೆ.

ಆ ಮಧ್ಯಾಹ್ನ ನಿನಗೆ ನೆನಪಿದೆಯೋ ಇಲ್ಲವೋ. ನಿನಗೆ ಐದು, ನನಗೆ ಒಂಬತ್ತು. ಅವ್ವ ತಲೆ ತೊಳೆದುಕೊಳ್ಳಲು ಹೋಗುವಾಗ ಲೋಲಾಕು ಬಿಚ್ಚಿ ಗೋಡೆಯ ಗೂಡಿನಲ್ಲಿಟ್ಟಿದ್ದಳು. ‘ಖರೇ ಐತೇನ ನೋಡ್ತೀನಿ’ ಎಂದು ನೀನು ಒಂದನ್ನು ಬಾಯಿಗಿಟ್ಟೆ. ಅಪ್ಪ ತಿಕ್ಕುವುದನ್ನು ನೋಡಿದ್ದರೂ ನೀನು ಕಡಲೆ ಕಡಿದಂತೆ ಕಡಿದುಬಿಟ್ಟೆ. ಎರಡು ಚುಕ್ಕಿ ಬಿದ್ದವು. ನಿನ್ನ ಮುಖ ಅಳುವಿಗೆ ಸೊಟ್ಟಗಾಯಿತು. ನನಗೇನು ತೋಚಿತೋ, ಇನ್ನೊಂದನ್ನು ತೆಗೆದುಕೊಂಡು ನಾನೂ ಕಚ್ಚಿದೆ, ಪೆಟ್ಟು ನಿನಗೊಬ್ಬಳಿಗೇ ಬೀಳದಿರಲಿ ಎಂದು. ಅವ್ವ ಬಂದು ನೋಡಿದಳು. ಇಬ್ಬರಿಗೂ ಒಂದೊಂದು ಬಿಗಿದಳು. ಆಮೇಲೆ ಎರಡೂ ಮುತ್ತು ಅಂಗೈಯಲ್ಲಿಟ್ಟುಕೊಂಡು ನಕ್ಕುಬಿಟ್ಟಳು, ‘ಮುತ್ತೂ ಖರೇ, ಮಕ್ಕಳೂ ಖರೇ’ ಎಂದು.

ನಿನ್ನ ಲಗ್ನವಾದ ಮೇಲೆ ಅವಳೇ ಹಂಚಿದಳಲ್ಲ. ತಂಗಿ ಕಚ್ಚಿದ್ದು ಅಕ್ಕನಿಗೆ, ಅಕ್ಕ ಕಚ್ಚಿದ್ದು ತಂಗಿಗೆ. ವರ್ಷವಿಡೀ ಕೊರಳ ಸರದಲ್ಲಿ ಹಾಕಿಕೊಂಡಿರಬೇಕು. ಪಂಚಮಿಗೆ ತವರಿಗೆ ಬಂದಾಗ ಎರಡನ್ನೂ ಕೂಡಿಸಿ, ಒಂದು ವರ್ಷ ನೀನು, ಒಂದು ವರ್ಷ ನಾನು, ಕಿವಿಗೆ ಹಾಕಿಕೊಂಡು ಜೋಕಾಲಿ ಆಡಬೇಕು. ಕೊನೆಯ ಸಲ ಸರದಿ ನನ್ನದಿತ್ತು. ನೀನು ಹಿಂದಿನಿಂದ ಎಷ್ಟು ಜೋರಾಗಿ ನೂಕಿದೆಯೆಂದರೆ ನನ್ನ ಸೆರಗು ಬೇವಿನ ಕೊಂಬೆಗೆ ಸಿಕ್ಕಿ ಹರಿಯಿತು. ಪಂಚಮಿ ಹತ್ತಿರ ಬಂತೆಂದರೆ ಈಗಲೂ ನನಗೆ ಬೆನ್ನಿನ ಮೇಲೆ ನಿನ್ನ ಅಂಗೈ ತಾಗಿದಂತಾಗುತ್ತದೆ. ಸಾಕು ಸಾಕು ಎನ್ನುವಷ್ಟು ನಿನ್ನ ನೆನಪಾಗುತ್ತದೆ, ಅನ್ನೀ.

ಆಮೇಲೆ ಅವ್ವ ಹಾಸಿಗೆ ಹಿಡಿದಳು. ಎರಡು ವರ್ಷ ನನ್ನ ಮನೆಯಲ್ಲಿದ್ದಳು. ಕಣ್ಣು ಪೂರಾ ಹೋಗಿದ್ದವು. ನಿನಗೆ ತಡವಾಗಿ ಹೇಳಿ ಕಳಿಸಿದ್ದು ನನ್ನ ತಪ್ಪು. ಇನ್ನೂ ನಾಲ್ಕು ದಿನ ಇರುತ್ತಾಳೆ ಎಂದುಕೊಂಡಿದ್ದೆ. ನೀನು ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ನೀನು ಹೊಸ್ತಿಲಲ್ಲೇ ನಿಂತು ‘ಅವ್ವ ನನ್ನ ನೆನಸಿದ್ಲೇನ ಅಕ್ಕಾ?’ ಎಂದು ಕೇಳಿದೆ. ‘ಇಲ್ಲ’ ಎಂದೆ. ನೀನು ಮಣ್ಣಿಗೆ ಬಂದೆ, ನೀರು ಕುಡಿಯದೆ ಬಸ್ ಹತ್ತಿದೆ, ಅಷ್ಟೇ. ಗದ್ವಾಲೇನು ಕಾಶಿಯೇ? ಜೂರಾಲ ಅಣೆಕಟ್ಟು ದಾಟಿದರೆ ನಿನ್ನ ಮನೆ. ಆಧಾರ್ ತೋರಿಸಿದರೆ ಹೆಂಗಸರಿಗೆ ಟಿಕೀಟೂ ಇಲ್ಲ. ಆದರೂ ನಾನು ಬರಲಿಲ್ಲ, ನೀನೂ ಬರಲಿಲ್ಲ.

ಹದಿಮೂರು ದಿನದಿಂದ ಎರಡೂ ಮುತ್ತು ನನ್ನ ಹತ್ತಿರವೇ ಇವೆ. ಶೇಖರ್ ದಿನ ಬಿಟ್ಟು ದಿನ ಫೋನ್ ಮಾಡಿ ‘ಸಿಕ್ತೇನ್ರಿ?’ ಎನ್ನುತ್ತಾನೆ. ‘ಹುಡುಕಾಕ ಹತ್ತೀನಪಾ’ ಎನ್ನುತ್ತೇನೆ, ಅಂಗೈಯಲ್ಲಿ ಎರಡನ್ನೂ ಹೊರಳಿಸುತ್ತ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗದೆ ಹೀಗೆ ಸುಳ್ಳು ಹೇಳಿಕೊಂಡು ಕೂತಿದ್ದೇನೆ. ಜೋಡಿ ತಪ್ಪಿದ ಮುತ್ತಿಗೆ ಜೋಡಿ ಹುಡುಕುವವಳು ಈ ಮೂರು ಊರಲ್ಲಿ ನಾನೊಬ್ಬಳೇ. ಅದು ನನ್ನ ಕೈಗೇ ಬರುತ್ತದೆಂದು ನಿನಗೆ ಗೊತ್ತಿಲ್ಲದೆ ಇರುತ್ತದೆಯೇ? ಹಾಗಾದರೆ ನಿನಗೆ ಬೇಕಾದದ್ದು ಮುತ್ತೋ, ಅಕ್ಕನೋ? ಹೆಸರು ಹೇಳಬೇಡ ಎಂದೆಯಲ್ಲ, ಅಲ್ಲಿಗೆ ನನ್ನ ಬುದ್ಧಿ ನಿಂತುಬಿಡುತ್ತದೆ. ಅಖಿಲಾಳ ಲಗ್ನದ ಸುದ್ದಿಯನ್ನು ಅಕ್ಕಸಾಲಿಯ ಬಾಯಿಂದ ಕೇಳಿದೆ ಎಂಬ ಸಂಕಟವೂ ಇದೆ. ಆ ಹುಡುಗಿ ನನ್ನ ತೊಡೆಯ ಮೇಲೆ ಹಲ್ಲು ಮೂಡಿಸಿಕೊಂಡವಳು.

ಅದಕ್ಕೆ ಹೀಗೆ ಮಾಡಿದ್ದೇನೆ. ಈ ಕಾಗದದ ಜೊತೆ ಎರಡೂ ಮುತ್ತು ಶೇಖರನ ಕೈಯಲ್ಲಿ ಕಳಿಸುತ್ತಿದ್ದೇನೆ. ಮುತ್ತಷ್ಟೇ ಬೇಕಿದ್ದರೆ ಎರಡನ್ನೂ ಇಟ್ಟುಕೋ, ನಮ್ಮ ಹುಡುಗಿ ಹಾಕಿಕೊಂಡು ಚೆಂದ ಕಾಣಲಿ, ನಾನು ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ. ಕರೆಯದ ಲಗ್ನಕ್ಕೆ ಹೋಗುವವಳಲ್ಲ ನಾನು, ನನ್ನ ಸೊಕ್ಕು ನಿನಗೆ ಗೊತ್ತೇ ಇದೆ. ಅಕ್ಕ ಬೇಕಿದ್ದರೆ ಒಂದನ್ನು ವಾಪಸು ಕಳಿಸು. ಅರಿಶಿನದ ದಿನ ಮೊದಲ ಬಸ್ಸಿಗೆ ಬಂದು ಅದನ್ನು ನನ್ನ ಕೈಯಾರೆ ಅಖಿಲಾಳ ಕಿವಿಗೆ ಹಾಕುತ್ತೇನೆ.

ನಿನ್ನ ಯಜಮಾನರು ಶರಣಬಸವಪ್ಪನವರಿಗೆ ಶರಣು ಹೇಳು. ಮಗಳು ಹೋದ ಮನೆಯಲ್ಲಿ ನಗುನಗುತ್ತ ಇರಲಿ. ನಿನ್ನ ಮೊಣಕಾಲು ನೋವಿಗೆ ಹರಳೆಣ್ಣೆ ಬಿಡಬೇಡ.

ನಿನ್ನ ಅಕ್ಕ,
ಶಂಕರಮ್ಮ

ತಾ.ಕ.: ಕಾಗದಕ್ಕೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಇದನ್ನು ಓದಿದ ಮೇಲೆ ಮುತ್ತಿನ ವಿಷಯ ತೀರ್ಮಾನ ಮಾಡು.

ನಾನು ಅಂದು ‘ಇಲ್ಲ’ ಎಂದದ್ದು ಸುಳ್ಳು. ಕೊನೆಯ ದಿನ ಅವ್ವನಿಗೆ ನೀರು ಕುಡಿಸಲು ಬಗ್ಗಿದ್ದೆ. ಅವಳ ಕೈ ನನ್ನ ಕೊರಳ ಸರಕ್ಕೆ ತಾಗಿತು. ಮುತ್ತನ್ನು ಬೆರಳಲ್ಲಿ ಸವರಿದಳು, ಎರಡು ಚುಕ್ಕಿ ಸಿಕ್ಕಿದವು. ನಿನ್ನ ಹಲ್ಲಿನವು. ಅದಲುಬದಲಾಗಿ ಹಂಚಿದ್ದು ಅವಳಿಗೆ ಮರೆತುಹೋಗಿತ್ತು. ಮುಖ ಅರಳಿತು. ‘ಅನ್ನೀ, ಬಂದ್ಯಾ?’ ಎಂದಳು. ಎರಡು ವರ್ಷ ಹಗಲಿರುಳು ಮಾಡಿದವಳು ನಾನು, ಕರೆದದ್ದು ನಿನ್ನನ್ನು. ಆದರೂ ಆ ಮುಖ ನೋಡಿ ಅಲ್ಲ ಎನ್ನಲಾಗಲಿಲ್ಲ. ‘ಹೂಂ ಅವ್ವಾ, ಬಂದೀನಿ’ ಎಂದು ನಿನ್ನ ದನಿ ತೆಗೆದು ಹೇಳಿದೆ.

ಆಗ ಅವಳು ನನ್ನ ಕೈ ಹಿಡಿದು ನಿನಗೊಂದು ಮಾತು ಹೇಳಿದಳು. ಕರೆದದ್ದು ಮುಚ್ಚಿಟ್ಟ ಮೇಲೆ ಅದನ್ನು ಯಾವ ಬಾಯಿಂದ ಹೇಳಲಿ? ಆರು ವರ್ಷ ನನ್ನಲ್ಲೇ ಉಳಿಯಿತು. ನಿನ್ನದು ನಿನಗೆ ಮುಟ್ಟಿಸುತ್ತಿದ್ದೇನೆ:

‘ಅಕ್ಕ ನನ್ನ ಮಾಡಿ ಭಾಳ ದಣದಾಳವಾ. ಏನರ ಅಂದ್ರ ಆಕಿ ಮ್ಯಾಲ ಸಿಟ್ಟಾಗಬ್ಯಾಡ. ಆಕಿಗೆ ನಿನ್ನ ಬಿಟ್ರ ಯಾರದಾರ?’