ಸೋಮವಾರ ಎತ್ತಿನದು

ಅಪ್ಪಾ,

ಐದನೇ ತರಗತಿಗೆ ಶಾಲೆ ಬಿಡಿಸಿದವನು ನೀನೇ, ಆದ್ದರಿಂದ ತಪ್ಪು ಅಕ್ಷರಕ್ಕೆ ಬೈಯಬೇಡ. ನೀನು ತೀರಿಕೊಂಡು ಎರಡು ವರ್ಷವಾಯಿತು, ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ನಿನ್ನೆ ಹನುಮಸಾಗರದಲ್ಲಿ ಭೂಮಿ ತೋಯುವಷ್ಟು ಮಳೆ ಬಿತ್ತು. ಇಂದು ಹೆಸರು ಬಿತ್ತಲು ಒಳ್ಳೆಯ ಹದ. ಆದರೆ ಇಂದೇ ಸೋಮವಾರ ಬರಬೇಕೇ! ಬಸವಣ್ಣನ ವಾರ ಎತ್ತಿನ ಹೆಗಲಿಗೆ ನೊಗ ಇಡಬಾರದು, ಅದು ದೇವರ ಆಜ್ಞೆ ಎಂದು ಹೇಳಿ ಹೋದೆ. ಹೇಳುವುದೇನು ಕಷ್ಟ? ಊರೆಲ್ಲ ಟ್ರ್ಯಾಕ್ಟರ್ ತರಿಸಿ ಬಿತ್ತಿತು. ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಹೋಗುವ ದಾರಿಯೇ ಇಲ್ಲ. ಬಿಸಿಲು ಏರುತ್ತಲೇ ಇತ್ತು. ಮಣ್ಣು ಆರಿತೇ ಎಂದು ನಾಲ್ಕು ಸಲ ಹೋಗಿ ಮುಟ್ಟಿ ನೋಡಿ ಬಂದೆ.

ಪಕ್ಕದ ಹೊಲದ ಗೋಣೆಪ್ಪ ಕಾಕಾ ಬಂದ; ಅವನ ಹೊಲಕ್ಕೂ ದಾರಿಯಿಲ್ಲ. "ಹಂಪವ್ವ, ನಿನ್ನ ಸೋಮವಾರ ನೀ ಇಟ್ಕೊ, ಎತ್ತು ನನಗ ಕೊಡು."

"ಸೋಮವಾರ ನಂದಲ್ಲ ಕಾಕಾ, ಎತ್ತಿಂದು."

"ನಾಳೆ ಹದ ಆರಿದ್ರ ನಿನ್ನ ದೇವ್ರು ಬಂದು ಬಿತ್ತತಾನೇನು?"

ನಿನಗೆ ಜ್ವರವಿದ್ದ ಆ ಸೋಮವಾರ ನಾನು ಎತ್ತು ಹೂಡಿಕೊಂಡು ಹೊರಟಾಗ ನಿನಗೂ ಇದನ್ನೇ ಕೇಳಿದ್ದೆ. ನೀನು ಬೈಯಲಿಲ್ಲ. ಜ್ವರದಲ್ಲೇ ಹೊಲದವರೆಗೆ ನಡೆದು ಬಂದು ನೊಗ ಬಿಚ್ಚಿದೆ. ಸೋಮವಾರ ನೊಗ ಬಿತ್ತೆಂದು ಅಂದು ನೀನು ಉಣ್ಣದೇ ಮಲಗಿದೆ. ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು ನಿನಗೆ?

ಕಾಕಾ ಗೊಣಗುತ್ತ ಹೋದ. ನಾನು ಎತ್ತು ಕೊಡಲಿಲ್ಲ. ನಾಳೆ ಹದ ಉಳಿಯುತ್ತದೋ ಇಲ್ಲವೋ, ದೇವರಿಗೇ ಗೊತ್ತು.

ಈಗ ಸಂಜೆ. ಎತ್ತುಗಳ ಮೈ ತೊಳೆದು ಹಿಂಡಿ ಇಟ್ಟಿದ್ದೇನೆ, ತಿನ್ನುತ್ತಿವೆ. ನಾನಿನ್ನೂ ಉಂಡಿಲ್ಲ.