ಅಜ್ಜ ಹೊಡೆದ ಹಂದಿ

೧೪ ಸೆಪ್ಟೆಂಬರ್ ೨೦೨೫, ಭಾನುವಾರ

ದುಗ್ಗತ್ತೆ ಇವತ್ತು ನನ್ನ ಬಾಲ್ಯವನ್ನೇ ಹಾಳುಮಾಡಿದರು.

ತೀರ್ಥಹಳ್ಳಿಯ ಗುಜರಿ ಅಂಗಡಿಯಲ್ಲಿ ಬೆರಳುದ್ದದ ಹಳೆಯ ಬೇಟೆಚಾಕು ಸಿಕ್ಕಿತು. ಥೇಟ್ ಅಜ್ಜನ ಸೊಂಟದಲ್ಲಿದ್ದಂಥದ್ದು. ಅದರಲ್ಲೇ ಅಜ್ಜ ನಿಟ್ಟೂರಿನ ಕಾಡಿನಲ್ಲಿ ಹಂದಿ ಕೊಂದ ಕಥೆ ಕೇಳಿ ಬೆಳೆದವನು ನಾನು. ಆ ನೆನಪಿಗೇ ಇಂಥ ನಲವತ್ತೊಂದು ಪುಟ್ಟ ಚಾಕು ಕೂಡಿಟ್ಟಿದ್ದೇನೆ.

ಹೊಸದನ್ನು ಅಜ್ಜನ ಮಗಳಾದ ದುಗ್ಗತ್ತೆಗೆ ತೋರಿಸಿದೆ.

"ಎಂಥ ಹಂದಿಯೋ ಮಾರಾಯ! ಅಪ್ಪಯ್ಯ ಅದ್ರಲ್ಲಿ ಕಾಲುಗುರು ತೆಗೀತಿದ್ದ. ಹಂದಿ ಬಂದಾಗ ಮರ ಹತ್ತಿ ಕೂತಿದ್ದ. ಒನಕೆ ತಗಂಡು ಓಡಿಸಿದ್ದು ನಮ್ಮವ್ವ."

ಸಿಟ್ಟು ಬಂತು. ಆಮೇಲೆ ಮರದ ಮೇಲೆ ಕೂತ ಅಜ್ಜನ ಮೇಲೆ ಪ್ರೀತಿ ಹೆಚ್ಚಾಯಿತು.

ಸಂಜೆ ಮೊಮ್ಮಗಳು ಸ್ವಾತಿ, "ಇದ್ರಲ್ಲಿ ಏನ್ ಮಾಡ್ತಾರೆ ತಾತ?" ಅಂದಳು.

"ನಮ್ಮಜ್ಜ ಇಂಥದ್ರಲ್ಲೇ ಎರಡು ಹಂದಿ ಹೊಡ್ದಿದ್ರು" ಅಂದುಬಿಟ್ಟೆ.

ಪಾಪ, ಅಜ್ಜ ಒಂದೇ ಅಂದಿದ್ದರು.